ಹೊಗೆ ಹೋಗುವ ದಾರಿ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಇಂದು ಕಾರುಗಳ ಒಡೆಯರು. ಸೈಕಲ್ಲಿನ ಚೈನು ಕಳಚಿದರೆ ತಾವೇ ಕುಳಿತು ಹಾಕಿಕೊಂಡು, ಕೈಗಂಟಿದ ಗ್ರೀಸನ್ನು ಶಾಲೆಯ ಹಿಂದಿನ ಗೋಡೆಗೆ ಒರೆಸಿ ತರಗತಿಗೆ ಬರುತ್ತಿದ್ದ ಹುಡುಗರು, ಈಗ ಬಾನೆಟ್ ತೆರೆಯುವ ಹಿಡಿ ಎಲ್ಲಿದೆಯೆಂದು ಹುಡುಕುವವರಾಗಿದ್ದಾರೆ. ಇದು ದೂರಲ್ಲ. ಯಂತ್ರಗಳು ಜಟಿಲವಾಗಿವೆ, ಬದುಕಿಗೆ ಬಿಡುವಿಲ್ಲ, ಸರ್ವಿಸ್ ಸೆಂಟರಿನವರು ಮನೆಬಾಗಿಲಿಗೇ ಬಂದು ಕಾರನ್ನು ಕೊಂಡೊಯ್ಯುತ್ತಾರೆ. ಆದರೆ ಕಾರಿನ ಒಂದು ಭಾಗದ ವಿಷಯದಲ್ಲಿ ಈ ಉದಾಸೀನ ಸಲ್ಲದೆಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಎಂಜಿನ್ನಿನ ಹೊಗೆ ಹೊರಹೋಗುವ ಕೊಳವೆ. ನಾವೆಲ್ಲ ಒಟ್ಟಾಗಿ ಸೈಲೆನ್ಸರ್ ಎಂದು ಕರೆಯುವ ಭಾಗ.

ಆ ಕೊಳವೆ ಎಲ್ಲಾದರೂ ಸೋರುತ್ತಿದೆಯೇ ಎಂಬುದನ್ನು ಕಾರಿನ ಯಜಮಾನರು ವರ್ಷಕ್ಕೆ ಎರಡು ಬಾರಿ ತಮ್ಮ ಅಂಗಳದಲ್ಲಿಯೇ ನೋಡಿಕೊಳ್ಳಬೇಕು. ಅದಕ್ಕೆ ಬೇಕಾದದ್ದು ಅರ್ಧ ಗಂಟೆಯ ಸಮಯ, ಸಾಬೂನಿನ ನೀರು, ಒಂದು ಟಾರ್ಚು ಮತ್ತು ಪ್ರೌಢಶಾಲೆಯ ವಿಜ್ಞಾನ. ‘ಎಮಿಷನ್ ಟೆಸ್ಟ್ ಮಾಡಿಸಿದ್ದೇನಲ್ಲ’ ಎಂಬ ಸಮಾಧಾನ ಇದಕ್ಕೆ ಬದಲಿಯಾಗಲಾರದು. ಏಕೆಂಬುದನ್ನು ಹಳೆಯ ಅಭ್ಯಾಸದಂತೆ ಮೊದಲಿನಿಂದ ವಿವರಿಸುತ್ತೇನೆ; ಅವಸರವಿದ್ದವರು ಕೊನೆಯ ಬೆಂಚಿನಿಂದ ಎದ್ದು ಹೋಗಬಹುದು, ಹಾಜರಿ ಕಡಿಮೆ ಮಾಡುವುದಿಲ್ಲ.

ಎಂಜಿನ್ನಿನ ಸಿಲಿಂಡರುಗಳಿಂದ ಹೊರಬೀಳುವ ಬಿಸಿ ಅನಿಲ ಮೊದಲು ಸೇರುವುದು ಮ್ಯಾನಿಫೋಲ್ಡ್ ಎಂಬ ಕವಲುಗೊಳವೆಯನ್ನು. ಹಳ್ಳಗಳು ಹೊಳೆಗೆ ಕೂಡುವಂತೆ ಎಲ್ಲ ಸಿಲಿಂಡರುಗಳ ಹೊಗೆ ಅಲ್ಲಿ ಒಂದಾಗುತ್ತದೆ. ಎಂಜಿನ್ನಿಗೂ ಮ್ಯಾನಿಫೋಲ್ಡಿಗೂ ನಡುವೆ ಸಂದು ಮುಚ್ಚುವ ಗ್ಯಾಸ್ಕೆಟ್ ಇರುತ್ತದೆ. ಮುಂದೆ ಆಮ್ಲಜನಕವನ್ನು ಅಳೆಯುವ ಸೆನ್ಸರ್, ಅದರಾಚೆ ಕ್ಯಾಟಲಿಟಿಕ್ ಕನ್ವರ್ಟರ್, ಎಂಜಿನ್ ಅದುರಿದರೂ ಕೊಳವೆ ಮುರಿಯದಂತೆ ಬಾಗುವ ಹೆಣಿಗೆಯ ತುಂಡು, ಕಾರಿನ ಹೊಟ್ಟೆಯಡಿ ಹಾಯುವ ಉದ್ದನೆಯ ಕೊಳವೆ, ಸದ್ದನ್ನು ಅಡಗಿಸುವ ಡಬ್ಬಿ, ಕೊನೆಗೆ ಹಿಂಬದಿಯಲ್ಲಿ ನಮಗೆ ಕಾಣುವ ಬಾಯಿ. ಕೆಲವು ಕಾರುಗಳಲ್ಲಿ ಈ ಕ್ರಮ ತುಸು ಬೇರೆಯಿರಬಹುದು. ಹಿಂದಿನ ಭಾಗವೆಲ್ಲ ರಬ್ಬರಿನ ಕೊಂಡಿಗಳಿಂದ ತೂಗುಬಿದ್ದಿರುತ್ತದೆ. ಒಂದು ಕೊಂಡಿ ಹರಿದರೂ ಕೊಳವೆಯ ಭಾರ ಕೂಡುಜಾಗದ ಮೇಲೆ ಬಿದ್ದು ಅಲ್ಲಿ ಬಿರುಕು ಮೂಡುತ್ತದೆ. ರಸ್ತೆಯುಬ್ಬಿಗೆ ತಳ ತಾಗಿಸುವುದು ನಮ್ಮ ಊರುಗಳಲ್ಲಿ ನಿತ್ಯದ ಕತೆ. ಅದರ ಪೆಟ್ಟನ್ನು ತಿನ್ನುವುದೂ ಇದೇ ಕೊಳವೆ.

ಹೊರಗಿನ ಪೆಟ್ಟಿಗಿಂತ ಒಳಗಿನ ನೀರು ಹೆಚ್ಚು ಹಾಳುಮಾಡುತ್ತದೆ. ಕಾರಿನ ಹೊಗೆಯಲ್ಲಿ ನೀರೆಲ್ಲಿಂದ ಬಂತು ಎಂದು ಕೇಳುವವರು ರಸಾಯನಶಾಸ್ತ್ರದ ಪಾಠವನ್ನು ನೆನೆಯಬೇಕು. ಪೆಟ್ರೋಲಿನಲ್ಲಿರುವುದು ಇಂಗಾಲ ಮತ್ತು ಜಲಜನಕ. ಉರಿದಾಗ ಇಂಗಾಲವು ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಜಲಜನಕವು ನೀರಾಗುತ್ತದೆ. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲ್ ಉರಿದಾಗ ಹುಟ್ಟುವ ನೀರೂ ಸುಮಾರು ಒಂದು ಲೀಟರ್! ದೂರ ಪ್ರಯಾಣದಲ್ಲಿ ಕೊಳವೆ ಚೆನ್ನಾಗಿ ಕಾದು ಅದೆಲ್ಲ ಆವಿಯಾಗಿ ಹೋಗುತ್ತದೆ. ಮನೆಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ದೇವಸ್ಥಾನಕ್ಕೆ ಎಂದು ಎರಡೆರಡು ಕಿಲೋಮೀಟರ್ ಓಡುವ ಕಾರಿನಲ್ಲಿ ಕೊಳವೆ ಕಾಯುವುದೇ ಇಲ್ಲ. ನೀರು ಡಬ್ಬಿಯಲ್ಲಿ ನಿಂತು ಒಳಗಿನಿಂದ ತುಕ್ಕು ಹಿಡಿಸುತ್ತದೆ. ‘ಕಡಿಮೆ ಓಡಿದ ಕಾರು, ಏನೂ ಆಗಿರುವುದಿಲ್ಲ’ ಎಂಬ ಮಾತು ಈ ಕಾರಣಕ್ಕೇ ಪೂರ್ತಿ ನಿಜವಲ್ಲ. ನಿವೃತ್ತರ ಕಾರುಗಳು, ಅಂದರೆ ನಮ್ಮಂಥವರ ಕಾರುಗಳು, ಹೀಗೆ ಸದ್ದಿಲ್ಲದೆ ತೂತಾಗುತ್ತವೆ.

ತೂತಾದರೆ ಸದ್ದು ಹೆಚ್ಚುತ್ತದೆ, ಅಷ್ಟೇ ತಾನೆ ಎಂದು ಬಿಡುವವರಿದ್ದಾರೆ. ಸದ್ದಿನಿಂದ ಯಾರೂ ಸಾಯುವುದಿಲ್ಲವೆಂಬುದು ನಿಜ. ಆದರೆ ಹೊಗೆಯಲ್ಲಿ ಸದ್ದಿಲ್ಲದ ಮತ್ತೊಂದು ವಸ್ತುವಿದೆ. ಇಂಗಾಲ ಪೂರ್ತಿ ಉರಿಯದೆ ಉಳಿದಾಗ ಹುಟ್ಟುವ ಇಂಗಾಲದ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಮ್ಮ ರಕ್ತದ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಪ್ರೀತಿಯಿಂದ ಇದನ್ನು ಅಪ್ಪಿಕೊಳ್ಳುತ್ತದೆ, ಅಪ್ಪಿಕೊಂಡದ್ದನ್ನು ಬೇಗ ಬಿಡುವುದಿಲ್ಲ. ಶುದ್ಧ ಗಾಳಿಗೆ ಬಂದು ಕುಳಿತರೂ ರಕ್ತದಲ್ಲಿ ಸೇರಿದ ಅದರ ಅರ್ಧಪಾಲು ಹೊರಹೋಗಲು ನಾಲ್ಕೈದು ಗಂಟೆ ಬೇಕು. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇದರ 200 ಭಾಗವಿದ್ದರೆ ಎರಡು ಮೂರು ಗಂಟೆಯೊಳಗೆ ತಲೆನೋವು ಬರುತ್ತದೆ. 1600 ಭಾಗವಿದ್ದರೆ ಇಪ್ಪತ್ತು ನಿಮಿಷದಲ್ಲಿ ತಲೆಸುತ್ತು, ವಾಕರಿಕೆ. ಒಂದೆರಡು ಗಂಟೆಯಲ್ಲಿ ಪ್ರಾಣಾಪಾಯ.

ಈ ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡು ಎಮಿಷನ್ ಟೆಸ್ಟಿನ ಚೀಟಿಯನ್ನು ಓದಬೇಕು. ಭಾರತ್ ಸ್ಟೇಜ್ 4ರ ಪೆಟ್ರೋಲ್ ಕಾರು ನಿಂತಲ್ಲೇ ಓಡುತ್ತಿರುವಾಗ ಅದರ ಹೊಗೆಯಲ್ಲಿ ಮೊನಾಕ್ಸೈಡ್ ಶೇಕಡಾ 0.3ರವರೆಗೆ ಇರಬಹುದೆಂಬುದು ನಿಯಮ. ಚಿಕ್ಕ ಸಂಖ್ಯೆಯಂತೆ ಕಾಣುತ್ತದೆ. ಹತ್ತು ಲಕ್ಷಕ್ಕೆ ಪರಿವರ್ತಿಸಿ ನೋಡಿರಿ: 3000! ತೇರ್ಗಡೆಯಾದ ಕಾರಿನ ಹೊಗೆಯೂ ಬೆರಕೆಯಿಲ್ಲದೆ ಉಸಿರಾಡಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಕೊಲ್ಲಬಲ್ಲುದು. ನಿಯಮ ಮಾಡಿದವರ ತಪ್ಪು ಇದರಲ್ಲಿಲ್ಲ. ಆ ಹೊಗೆ ಹಿಂಬದಿಯ ಬಾಯಿಯಿಂದ ಹೊರಬಿದ್ದು ಬಯಲಿನ ಗಾಳಿಯಲ್ಲಿ ಬೆರೆತುಹೋಗುತ್ತದೆಂಬುದು ಅವರ ಲೆಕ್ಕ. ಊರಿನ ಗಾಳಿ ಎಷ್ಟು ಕೆಡುತ್ತದೆಂಬುದನ್ನು ಅಳೆಯಲು ಹುಟ್ಟಿದ ಪರೀಕ್ಷೆ ಅದು. ಕಾರಿನೊಳಗೆ ಕುಳಿತವರ ಗಾಳಿಯನ್ನು ಅದು ಕೇಳುವುದೇ ಇಲ್ಲ.

ಪೆಟ್ರೋಲ್ ಬಂಕಿನ ಮೂಲೆಯ ಗೂಡಿನಲ್ಲಿ ಆ ಹುಡುಗ ಮಾಡುವುದನ್ನು ಗಮನಿಸಿದ್ದೀರಷ್ಟೆ? ಹಿಂದಿನ ಬಾಯಿಗೆ ಒಂದು ನಳಿಗೆ ತುರುಕುತ್ತಾನೆ, ಸಂಖ್ಯಾಫಲಕದ ಚಿತ್ರ ತೆಗೆಯುತ್ತಾನೆ, ಚೀಟಿ ಕೊಡುತ್ತಾನೆ. ಅವನು ಕಾರಿನ ಕೆಳಗೆ ಬಗ್ಗಿ ನೋಡುವುದಿಲ್ಲ, ನೋಡುವುದು ಅವನ ಕೆಲಸವೂ ಅಲ್ಲ. ಮ್ಯಾನಿಫೋಲ್ಡಿನ ಬಳಿ ಸೋರಿದ ಹೊಗೆ ಕನ್ವರ್ಟರನ್ನು ತಲುಪಿಯೇ ಇರುವುದಿಲ್ಲ. ಅದು ಶುದ್ಧಿಗೊಳ್ಳದ ಕಚ್ಚಾ ಹೊಗೆ, ಅದರಲ್ಲಿ ವಿಷದ ಪಾಲು ಹೆಚ್ಚು. ಅದು ಅಳತೆಯ ನಳಿಗೆಗೆ ಸಿಕ್ಕುವುದೂ ಇಲ್ಲ. ಕೆಲವೊಮ್ಮೆ ತೂತಿನಿಂದ ಹೊರಗಾಳಿ ಒಳಸೇರಿ ಹೊಗೆ ತೆಳುವಾಗಿ, ಚೀಟಿಯ ಅಂಕಿ ಇನ್ನಷ್ಟು ಚೆನ್ನಾಗಿ ಕಾಣಲೂಬಹುದು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಇರುವುದರಿಂದ ಅಷ್ಟು ಕಾಲ ಫಿಟ್‌ನೆಸ್ ತಪಾಸಣೆಯ ಕಟ್ಟಳೆಯೂ ಇಲ್ಲ. ಹಾಗಾದರೆ ಆ 15 ವರ್ಷ ಕೆಳಗೆ ಬಗ್ಗಿ ನೋಡಬೇಕಾದವರು ಯಾರು? ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಳ್ಳುವವರೇ ಅಲ್ಲವೆ?

ಇದು ಪುಸ್ತಕದ ಮಾತಲ್ಲವೆಂಬುದಕ್ಕೆ ಬೇಲೂರಿನ ಪ್ರವಾಸಕ್ಕೆ ಬಂದಿದ್ದ ತಂಡದವರು ಸಾಕ್ಷಿ ಹೇಳಬಲ್ಲರು. ಬಾಡಿಗೆಯ ವ್ಯಾನು, ಮಳೆಯ ದಿನ, ಕಿಟಕಿಗಳೆಲ್ಲ ಮುಚ್ಚಿದ್ದವು. ಬಾಳೆಹೊನ್ನೂರು ದಾಟುವ ಹೊತ್ತಿಗೆ ಹಿಂದಿನ ಸೀಟಿನ ಐದಾರು ಮಕ್ಕಳಿಗೆ ವಾಂತಿ, ತಲೆನೋವು. ಚಾಲಕ ‘ಘಾಟಿ ಅಲ್ಲವಾ’ ಎಂದು ನಿಂಬೆಹಣ್ಣು ತೆಗೆದುಕೊಟ್ಟ. ಘಾಟಿ ಮುಗಿದು ಚಿಕ್ಕಮಗಳೂರು ದಾಟಿದರೂ ನಿಲ್ಲಲಿಲ್ಲ. ಆಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮುಂದೆ ಬಂದು ಹೇಳಿದ ಮಾತು ನನಗಿನ್ನೂ ನೆನಪಿದೆ: “ಸಾರ್, ಇಳಿದಾಗ ಸರಿಹೋಗುತ್ತದೆ, ಹತ್ತಿದರೆ ಮತ್ತೆ ಶುರು. ಮುಂದೆ ಕೂತವರಿಗೆ ಯಾರಿಗೂ ಏನೂ ಆಗಿಲ್ಲ.” ಎಷ್ಟು ಸರಿಯಾದ ವೀಕ್ಷಣೆ! ತಿರುವಿನ ವಾಂತಿಗೆ ಸೀಟಿನ ಭೇದ ಅಷ್ಟೊಂದು ಖಚಿತವಾಗಿರುವುದಿಲ್ಲ, ನೇರ ದಾರಿಯಲ್ಲಿ ಅದು ನಿಲ್ಲಬೇಕು. ಕಿಟಕಿಗಳನ್ನೆಲ್ಲ ತೆರೆಸಿ, ನೆನೆಯುತ್ತಲೇ ಬೇಲೂರು ತಲುಪಿದೆವು. ಅಲ್ಲಿನ ವರ್ಕ್‌ಶಾಪಿನವನು ಕೆಳಗೆ ನುಸುಳಿ ನೋಡಿದರೆ ಹಿಂದಿನ ಡಬ್ಬಿಯ ಕೂಡುಜಾಗ ಬಿಟ್ಟಿತ್ತು, ಹಿಂಬಾಗಿಲಿನ ರಬ್ಬರು ಅಂಗೈ ಅಗಲ ಹರಿದಿತ್ತು. ಚಲಿಸುವ ವಾಹನದ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಹೊಗೆ ಅಲ್ಲೇ ಸುಳಿಯುತ್ತದೆ. ಸಂದು ಕಂಡಲ್ಲಿ ಒಳನುಗ್ಗುತ್ತದೆ. ಡಿಕ್ಕಿಯ ಬಾಗಿಲನ್ನು ಅರ್ಧ ತೆರೆದು ಹಗ್ಗ ಕಟ್ಟಿ, ಮಂಚವೋ ಬಾಳೆಗೊನೆಯೋ ಸಾಗಿಸುವವರು ಇದನ್ನು ಎರಡು ಬಾರಿ ಓದಲಿ. ಆ ಹುಡುಗಿ ಈಗೆಲ್ಲಿದ್ದಾಳೋ ತಿಳಿಯದು. ಓದಿದರೆ ತನ್ನನ್ನು ತಾನೇ ಗುರುತಿಸಿಕೊಳ್ಳಲಿ.

ಇನ್ನು ಪರೀಕ್ಷೆಯ ವಿಧಾನಕ್ಕೆ ಬರೋಣ. ಮೊದಲನೆಯದು ಕಿವಿಯ ಕೆಲಸ. ಹತ್ತನೆಯ ತರಗತಿಯಲ್ಲಿ ಎರಡು ಬಾರಿ ನಪಾಸಾಗಿ, ಈಗ ಸ್ವಂತ ಗ್ಯಾರೇಜು ನಡೆಸುತ್ತಿರುವ ಶಿಷ್ಯನೊಬ್ಬನಿದ್ದಾನೆ. ಸದ್ದಿನ ದೂರು ಹೇಳಿಕೊಂಡು ಬಂದವರಿಗೆ ಅವನು, “ಗಾಡಿ ರಾತ್ರಿ ಇಲ್ಲೇ ಬಿಟ್ಟುಹೋಗಿ. ಬೆಳಿಗ್ಗೆ ಮೊದಲ ಸ್ಟಾರ್ಟ್ ನಾನೇ ಮಾಡಬೇಕು” ಎನ್ನುತ್ತಾನೆ. ಕಾರಣ ಕೇಳಿದೆ. “ನೀವೇ ತೋರಿಸಿದ್ದಿರಲ್ಲ ಮೇಷ್ಟ್ರೇ, ಕಾಯಿಸಿದ ಗುಂಡು ಬಳೆಯೊಳಗೆ ತೂರುವುದಿಲ್ಲ ಅಂತ” ಎಂದ. ಲೋಹ ಕಾದಾಗ ಹಿಗ್ಗುತ್ತದೆ. ಮ್ಯಾನಿಫೋಲ್ಡಿನ ಸಣ್ಣ ಬಿರುಕೂ ಗ್ಯಾಸ್ಕೆಟ್ಟಿನ ಸಂದೂ ಬಿಸಿಯಾದಂತೆ ತಾವೇ ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಸೋರಿಕೆಯ ಸದ್ದು ಕೇಳಬೇಕಾದದ್ದು ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ, ಮೊದಲ ಎರಡು ಮೂರು ನಿಮಿಷಗಳಲ್ಲಿ. ಬಾನೆಟ್ಟಿನ ಕಡೆಯಿಂದ ಗೋಡೆ ಗಡಿಯಾರದಂತೆ ಟಿಕ್ ಟಿಕ್ ಎಂದು ಬಂದು, ಆಕ್ಸಿಲರೇಟರ್ ಒತ್ತಿದಾಗ ಆ ಟಿಕ್ಕಿನ ವೇಗವೂ ಹೆಚ್ಚಿ, ಎಂಜಿನ್ ಬಿಸಿಯಾದಂತೆ ಅಡಗಿದರೆ ಸಂಶಯ ಮ್ಯಾನಿಫೋಲ್ಡಿನ ಮೇಲೆ. ಕಾರಿನ ನಡುವಿನಿಂದ ಬುಸುಗುಡುವ ಸದ್ದು ಬಂದರೆ ಕೊಳವೆಯ ಕೂಡುಜಾಗದ ಮೇಲೆ. ಹಿಂದಿನಿಂದ ಬುಲೆಟ್ಟಿನಂಥ ಗುಡುಗುಡು ಬಂದರೆ ಡಬ್ಬಿಯ ಮೇಲೆ.

ಕಿವಿಯ ಜೊತೆಗೆ ಇನ್ನೆರಡು ಸೂಚನೆಗಳು. ಕಾರಣವಿಲ್ಲದೆ ಮೈಲೇಜು ಇಳಿದು ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತಿದರೆ, ಅದಕ್ಕೆ ಹಲವು ಕಾರಣಗಳಿದ್ದರೂ ಸೋರಿಕೆಯೂ ಒಂದು. ಸೆನ್ಸರಿಗಿಂತ ಮುಂಚೆ ತೂತಿದ್ದರೆ ಹೊರಗಾಳಿಯ ಆಮ್ಲಜನಕ ಒಳಸೇರುತ್ತದೆ. ಸೆನ್ಸರು ‘ಪೆಟ್ರೋಲ್ ಸಾಲದು’ ಎಂದು ಸುಳ್ಳು ವರದಿ ಕೊಡುತ್ತದೆ. ಎಂಜಿನ್ನಿನ ಕಂಪ್ಯೂಟರು ಅದನ್ನು ನಂಬಿ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಎರಡನೆಯದು ಕಾರಿನೊಳಗಿನ ವಾಸನೆ. ಮೊನಾಕ್ಸೈಡಿಗೆ ವಾಸನೆಯಿಲ್ಲದಿದ್ದರೂ ಹೊಗೆಯ ಇತರ ಅಂಶಗಳಿಗಿದೆ. ವಾಸನೆ ಬಂದರೆ ವಿಷವೂ ಬಂದಿದೆಯೆಂದು ತಿಳಿಯಬೇಕು. ವಾಸನೆ ಬಾರದಿದ್ದರೆ ವಿಷವಿಲ್ಲವೆಂದು ತಿಳಿಯಬಾರದು. ಪ್ರಯಾಣದಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು ಬಂದು, ಇಳಿದ ಮೇಲೆ ಕಡಿಮೆಯಾದರೆ ಮಾತ್ರೆ ನುಂಗುವ ಮೊದಲು ಕಾರನ್ನು ಶಂಕಿಸಬೇಕು.

ಕೈಹಚ್ಚುವ ಮೊದಲು ನಾಲ್ಕು ಕಟ್ಟುಪಾಡುಗಳು. ಇವನ್ನು ಪಾಲಿಸಲಾಗದವರು ಈ ಕೆಲಸಕ್ಕೆ ಇಳಿಯದಿರುವುದೇ ಲೇಸು. ಒಂದು: ಎಂಜಿನ್ ಓಡಿಸುವುದೆಲ್ಲ ಬಯಲಿನಲ್ಲಿ, ಶೆಡ್ಡಿನೊಳಗೆ ಬೇಡ, ಶೆಡ್ಡಿನ ಬಾಗಿಲು ತೆರೆದಿದ್ದರೂ ಬೇಡ. ಎರಡು: ಕಾರು ಸಮತಟ್ಟಾದ ನೆಲದ ಮೇಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ, ಚಕ್ರದ ಹಿಂದುಮುಂದು ಮರದ ತುಂಡು ಅಥವಾ ಕಲ್ಲು ಇರಲಿ. ಮೂರು: ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಲೇಬಾರದು. ಜಾಕ್ ಇರುವುದು ಚಕ್ರ ಬದಲಿಸಲು. ಅದು ಜಾರಲು ಒಂದು ಕ್ಷಣ ಸಾಕು. ನಾಲ್ಕು: ಓಡಿ ಬಂದ ಕಾರಿನ ಕೊಳವೆ ಒಲೆಯ ಮೇಲಿನ ಕಾವಲಿಗಿಂತ ಬಿಸಿ. ಕನ್ವರ್ಟರಿನ ಕಾವು ನೂರಾರು ಡಿಗ್ರಿ ಇರುತ್ತದೆ. ಕಾರು ರಾತ್ರಿಯಿಡೀ ನಿಂತು ತಣಿದ ಮೇಲೆಯೇ ಮುಟ್ಟಬೇಕು. ಪಂಚೆ, ಸೆರಗು, ಮೇಲುಹೊದಿಕೆ ಇವು ಬಾನೆಟ್ಟಿನ ಹತ್ತಿರ ಬರಬಾರದು. ರೇಡಿಯೇಟರಿನ ಫ್ಯಾನು ಎಷ್ಟೋ ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ತಾನೇ ತಿರುಗತೊಡಗುತ್ತದೆ.

ಎರಡನೆಯ ಪರೀಕ್ಷೆ ಕಣ್ಣಿನದು. ತಣಿದ ಕಾರಿನ ಪಕ್ಕದಲ್ಲಿ ಚಾಪೆ ಹಾಸಿ ಮಲಗಿ ಟಾರ್ಚು ಬಿಡಿರಿ. ಬೆನ್ನು ಬಗ್ಗದ ನನ್ನ ವಯಸ್ಸಿನವರಿಗೆ ಸುಲಭದ ದಾರಿಯೊಂದಿದೆ: ಮೊಮ್ಮಕ್ಕಳ ಸೆಲ್ಫಿ ಕೋಲಿಗೆ ಮೊಬೈಲು ಸಿಕ್ಕಿಸಿ, ದೀಪ ಹೊತ್ತಿಸಿ, ಕಾರಿನಡಿ ಮುಂದಿನಿಂದ ಹಿಂದಿನವರೆಗೆ ನಿಧಾನವಾಗಿ ವಿಡಿಯೋ ತೆಗೆದು, ಆಮೇಲೆ ಕುರ್ಚಿಯಲ್ಲಿ ಕುಳಿತು ನೋಡಬಹುದು. ಹುಡುಕಬೇಕಾದದ್ದು ಮಸಿಯನ್ನು. ಸೋರುವ ಜಾಗದಲ್ಲಿ ಹೊಗೆ ತನ್ನ ಗುರುತು ಬಿಟ್ಟೇ ಹೋಗುತ್ತದೆ, ಹಳೆಯ ಅಡುಗೆಮನೆಯ ಹೆಂಚಿನ ಸಂದಿನಲ್ಲಿ ಕಾಣುತ್ತಿದ್ದಂತೆ. ಕೂಡುಜಾಗದ ಬೋಲ್ಟಿನ ಸುತ್ತ ಕಪ್ಪು ಅಥವಾ ಬೂದು ಬಣ್ಣದ ಗೀರು, ಅದರೆದುರಿನ ತಗಡಿನ ಮೇಲೆ ಕಾಡಿಗೆ ಎರಚಿದಂಥ ಕಲೆ ಕಂಡರೆ ಅರ್ಧ ಕೆಲಸ ಮುಗಿಯಿತು. ತುಕ್ಕಿನಲ್ಲಿ ಎರಡು ಬಗೆ. ಕೊಳವೆಯ ಮೈಮೇಲೆ ತೆಳುವಾಗಿ ಹರಡಿದ ಕೆಂಪು ತುಕ್ಕು ಸಾಮಾನ್ಯ. ಪದರಪದರವಾಗಿ ಏಳುತ್ತ, ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಒದ್ದೆ ಹಲಗೆಯಂತೆ ಮಂದವಾಗಿ ಶಬ್ದ ಮಾಡುವ ತುಕ್ಕು ಅಪಾಯದ್ದು. ಅದೇ ಹೊತ್ತಿನಲ್ಲಿ ರಬ್ಬರಿನ ಕೊಂಡಿಗಳನ್ನೂ ಎಣಿಸಿ ನೋಡಿರಿ.

ಮೂರನೆಯದು ಸಾಬೂನಿನ ನೀರಿನ ಪರೀಕ್ಷೆ. ಎಲ್ಲಕ್ಕಿಂತ ಖಚಿತವಾದದ್ದು, ಎಂಜಿನ್ ಓಡಿಸದೆ ಮಾಡಬಹುದಾದದ್ದು. ಸೈಕಲ್ ಟ್ಯೂಬಿನ ಪಂಕ್ಚರು ಹುಡುಕಲು ಅಂಗಡಿಯವನು ನೀರಿನ ಬಾಣಲೆ ಬಳಸುವುದಿಲ್ಲವೆ? ಅದೇ ತತ್ತ್ವ. ಈಗ ಹಲವು ಮನೆಗಳಲ್ಲಿರುವ ವ್ಯಾಕ್ಯೂಮ್ ಕ್ಲೀನರಿಗೆ ಗಾಳಿ ಹೊರಗೂದುವ ಬಾಯಿಯೂ ಇರುತ್ತದೆ. ಅದರ ಕೊಳವೆಯನ್ನು ತಣಿದ ಸೈಲೆನ್ಸರಿನ ಹಿಂಬಾಯಿಗೆ ಹಿಡಿದು, ಸುತ್ತ ಹಳೆಯ ಬನಿಯನ್ನು ಸುತ್ತಿ, ಗಾಳಿ ಊದಲು ಬಿಡಬೇಕು. ಊದುವ ಬಾಯಿಯೇ ಹೌದೆಂದು ಮೊದಲು ಕೈಯಿಟ್ಟು ಖಚಿತಪಡಿಸಿಕೊಳ್ಳಿರಿ. ಹೀರುವ ಬಾಯಿಯನ್ನು ಎಂದಿಗೂ ಹಿಡಿಯಬಾರದು. ಪೆಟ್ರೋಲಿನ ವಾಸನೆ ಬರುತ್ತಿದ್ದರೆ ಈ ಪ್ರಯೋಗವೇ ಬೇಡ. ಗಾಳಿ ಒಳಹೋಗುತ್ತಿರುವಾಗ ಇನ್ನೊಬ್ಬರು ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರನ್ನು ಸ್ಪ್ರೇ ಬಾಟಲಿಯಿಂದ ಪ್ರತಿಯೊಂದು ಕೂಡುಜಾಗಕ್ಕೂ ಬೆಸುಗೆಗೂ ಸಿಂಪಡಿಸುತ್ತ ಹೋಗಬೇಕು. ಕೊಳವೆಯೊಳಗೆ ಕೊಳವೆ ತೂರಿಸಿದ ಜಾಗದಲ್ಲಿ ಒಂದೆರಡು ಸಣ್ಣ ಗುಳ್ಳೆ ಎದ್ದರೆ ಗಾಬರಿ ಬೇಡ. ಹಾಲುಕ್ಕಿದಂತೆ ನೊರೆ ಬಂದರೆ ಕಳ್ಳ ಸಿಕ್ಕಿಬಿದ್ದ. ಆ ಜಾಗವನ್ನು ಸೀಮೆಸುಣ್ಣದಿಂದ ಗುರುತು ಮಾಡಿ. ಮೇಷ್ಟರ ಮನೆಯಲ್ಲಿ ಅದಕ್ಕೆ ಬರವಿಲ್ಲ.

ಊದುಬತ್ತಿ ಹಿಡಿದು ಹೊಗೆ ಬಾಗುವುದನ್ನು ನೋಡಿರಿ ಎಂದು ಸಲಹೆ ಕೊಡುವವರಿದ್ದಾರೆ. ಪೆಟ್ರೋಲಿನ ಟ್ಯಾಂಕೂ ನಳಿಗೆಯೂ ಹಾದುಹೋಗುವ ಕಡೆ ಕಿಡಿಯನ್ನು ಒಯ್ಯುವುದು ಜಾಣತನವಲ್ಲ, ಗ್ಯಾಸ್ ಅಳವಡಿಸಿದ ಕಾರಿನಲ್ಲಂತೂ ಖಂಡಿತ ಬೇಡ. ಸಾಬೂನಿನ ನೀರು ಇರುವಾಗ ಬೆಂಕಿಯ ಹಂಗೇಕೆ?

ಸೋರಿಕೆಯಲ್ಲದ ಎರಡನ್ನು ಸೋರಿಕೆಯೆಂದು ತಿಳಿದು ಹಣ ಕಳೆದುಕೊಳ್ಳುವವರೂ ಉಂಟು. ಬೆಳಿಗ್ಗೆ ಹಿಂಬಾಯಿಯಿಂದ ತೊಟ್ಟಿಕ್ಕುವ ನೀರು, ತೆಳು ಬಿಳಿ ಆವಿ, ಇವು ಆಗ ಹೇಳಿದ ಪೆಟ್ರೋಲಿನ ನೀರೇ. ಬಿಸಿಯಾದ ಮೇಲೆ ನಿಂತರೆ ಚಿಂತೆಯಿಲ್ಲ. ಹಾಗೆಯೇ ಡಬ್ಬಿಯ ಅತಿ ಕೆಳಗಿನ ಭಾಗದಲ್ಲಿ ಸೂಜಿಗಿಂತ ತುಸು ದಪ್ಪನೆಯ, ದುಂಡನೆಯ ಒಂದು ರಂಧ್ರವಿದ್ದರೆ ಅದನ್ನು ಎಷ್ಟೋ ಸಲ ನೀರು ಬಸಿಯಲೆಂದು ತಯಾರಕರೇ ಕೊರೆದಿರುತ್ತಾರೆ. ಅದನ್ನು ಬೆಸುಗೆ ಹಾಕಿಸಿ ಮುಚ್ಚಿದರೆ ಡಬ್ಬಿ ಇನ್ನೂ ಬೇಗ ಕೊಳೆಯುತ್ತದೆ.

ಕಂಡುಹಿಡಿದ ಮೇಲೆ ದುರಸ್ತಿಯನ್ನು ನೀವೇ ಮಾಡಿರೆಂದು ನಾನು ಹೇಳುವುದಿಲ್ಲ. ರಬ್ಬರಿನ ಕೊಂಡಿ ಬದಲಿಸುವುದು, ಸಡಿಲವಾದ ಕ್ಲ್ಯಾಂಪು ಬಿಗಿಯುವುದು ಮನೆಯಲ್ಲಿ ಆಗುವ ಕೆಲಸಗಳು. ಅಂಗಡಿಯಲ್ಲಿ ಸಿಗುವ ಶಾಖ ತಡೆಯುವ ಪೇಸ್ಟು, ಪಟ್ಟಿ ಇವು ಗ್ಯಾರೇಜಿಗೆ ಹೋಗುವವರೆಗಿನ ಆಸರೆ ಮಾತ್ರ. ಮ್ಯಾನಿಫೋಲ್ಡಿನ ಬೋಲ್ಟುಗಳನ್ನು ಮುಟ್ಟಬೇಡಿರಿ. ವರ್ಷಗಟ್ಟಲೆ ಕಾದು ತಣಿದ ಬೋಲ್ಟು ಕೈಯಲ್ಲೇ ತುಂಡಾಗಿ, ಸಾವಿರದ ಕೆಲಸ ಹತ್ತು ಸಾವಿರಕ್ಕೆ ಏರುತ್ತದೆ. ವೆಲ್ಡಿಂಗ್ ಮಾಡಿಸುವುದಾದರೆ ಬ್ಯಾಟರಿಯ ಸಂಪರ್ಕ ತೆಗೆಸಿರಿ, ಕಂಪ್ಯೂಟರ್ ಸುಡುವುದು ತಪ್ಪುತ್ತದೆ. ಮುಖ್ಯವಾದದ್ದು, ‘ಏನೋ ಸದ್ದು ಬರುತ್ತಿದೆ, ನೋಡಿ’ ಎಂದು ಹೇಳುವುದಕ್ಕೂ, ‘ನಡುವಿನ ಕೂಡುಜಾಗದಲ್ಲಿ ನೊರೆ ಬರುತ್ತಿದೆ, ಗುರುತು ಹಾಕಿದ್ದೇನೆ’ ಎಂದು ಹೇಳುವುದಕ್ಕೂ ಇರುವ ಅಂತರ. ಮೊದಲನೆಯದಕ್ಕೆ ಇಡೀ ಸೈಲೆನ್ಸರ್ ಬದಲಿಸಬೇಕೆಂಬ ಉತ್ತರ ಬರಬಹುದು. ಎರಡನೆಯದಕ್ಕೆ ಒಂದು ಗ್ಯಾಸ್ಕೆಟ್ ಸಾಕಾಗಬಹುದು.

‘ಇನ್ನು ಎಲ್ಲವೂ ವಿದ್ಯುತ್ ಕಾರುಗಳಾಗುತ್ತವೆ, ಈ ಪಾಠ ಹಳತಾಯಿತು’ ಎಂದು ಎಳೆಯರು ಹೇಳಬಹುದು. ಆಗಲಿ, ಆ ದಿನ ಬಂದರೆ ಸಂತೋಷವೇ. ಅಲ್ಲಿಯವರೆಗೆ ಇಂದು ರಸ್ತೆಯಲ್ಲಿರುವ ಕಾರುಗಳು ಹಳೆಯವಾಗುತ್ತ ಹೋಗುತ್ತವೆ. ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುತ್ತ, ಕೊನೆಗೆ ದುರಸ್ತಿಗೆ ಹಣವಿಲ್ಲದವರ ಕೈಸೇರುತ್ತವೆ. ನನ್ನ ಹೆಚ್ಚಿನ ಚಿಂತೆ ಮಕ್ಕಳನ್ನು ಶಾಲೆಗೆ ಸಾಗಿಸುವ ವ್ಯಾನುಗಳದ್ದು. 2019ರಲ್ಲಿ ತಯಾರಿಕೆ ನಿಂತ ಮಾರುತಿ ಓಮ್ನಿ ನಮ್ಮ ಊರುಗಳಲ್ಲಿ ಇನ್ನೂ ಓಡಾಡುತ್ತಿದೆ. ಅದರ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಅದು ದೋಷವಲ್ಲ, ಆ ಗಾಡಿಯ ರಚನೆ. ಆದರೆ ಸೀಟಿನಡಿಯ ಮುಚ್ಚಳದ ರಬ್ಬರು ಹರಿದು, ಮ್ಯಾನಿಫೋಲ್ಡು ಸೋರಿದರೆ ಹೊಗೆಗೆ ಬಹಳ ದೂರ ಹೋಗಬೇಕಾಗಿಲ್ಲ. ಹಳದಿ ಫಲಕದ ವಾಹನಕ್ಕಾದರೆ ಕಾಲಕಾಲಕ್ಕೆ ಫಿಟ್‌ನೆಸ್ ತಪಾಸಣೆಯಿದೆ. ಬಿಳಿ ಫಲಕದಲ್ಲೇ ಬಾಡಿಗೆಗೆ ಮಕ್ಕಳನ್ನು ತುಂಬಿಕೊಳ್ಳುವ ವ್ಯಾನಿಗೆ ಅದೂ ಇಲ್ಲ. ತಿಂಗಳಿಗೊಮ್ಮೆ ಬಾಡಿಗೆ ಕೊಡುವ ತಂದೆತಾಯಂದಿರು ಒಂದು ಭಾನುವಾರ ಚಾಲಕನೊಂದಿಗೆ ಕುಳಿತು ಸಾಬೂನಿನ ನೀರು ಸಿಂಪಡಿಸಿದರೆ ಅವನಿಗೆ ಅವಮಾನವಾಗದು. ದಿನವಿಡೀ ಆ ಗಾಳಿಯನ್ನು ಉಸಿರಾಡುವವನು ಅವನೇ ಅಲ್ಲವೆ?

ಸೋರಿಕೆಯೇ ಇಲ್ಲದ ಕಾರೂ ಅಪಾಯ ತರುವ ಸಂದರ್ಭಗಳನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ನಿಂತ ವಾಹನದಲ್ಲಿ ಗಾಜು ಮುಚ್ಚಿ, ಎಸಿಗಾಗಿ ಎಂಜಿನ್ ಓಡಿಸಿಟ್ಟು ಮಲಗಬಾರದು. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತಿದ್ದರು. ಓಡುತ್ತಿದ್ದ ಜನರೇಟರಿನ ಮೊನಾಕ್ಸೈಡ್ ಒಳಗೆ ಸೇರಿದ್ದೇ ಕಾರಣವೆಂದು ಆಮೇಲಿನ ಪರಿಶೀಲನೆಯಲ್ಲಿ ತಿಳಿಯಿತು. ಅಮೆರಿಕ, ಕೆನಡಾಗಳಲ್ಲಿರುವ ನಮ್ಮ ಹುಡುಗರು ಚಳಿಗಾಲದಲ್ಲಿ ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಕಾರನ್ನು ಬಿಸಿಮಾಡಲು ಓಡಿಸಿಡಬಾರದು. ಹಿಂಬಾಯಿಯನ್ನು ಹಿಮ ಮುಚ್ಚಿದ್ದರೆ ತೆಗೆಯದೆ ಸ್ಟಾರ್ಟ್ ಮಾಡಬಾರದು. ಇನ್ನೊಂದು ಮಾತು. 2020ರ ಕೊರೋನಾ ಕಾಲದಿಂದ ಹಲವು ಮನೆಗಳಲ್ಲಿ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಇದೆ. ಈ ವಿಷದ ವಿಷಯದಲ್ಲಿ ಅದನ್ನು ನಂಬಬೇಡಿರಿ. ಆಮ್ಲಜನಕ ಹೊತ್ತ ಹೀಮೋಗ್ಲೋಬಿನ್ನಿಗೂ ಮೊನಾಕ್ಸೈಡ್ ಹೊತ್ತದ್ದಕ್ಕೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯುವುದಿಲ್ಲ; ಮನುಷ್ಯ ಕುಸಿಯುತ್ತಿದ್ದರೂ 98 ಎಂದು ತೋರಿಸಬಹುದು. ಸಂಶಯ ಬಂದೊಡನೆ ಹೊರಗಾಳಿಗೆ ಕರೆತಂದು, ಆಮ್ಲಜನಕ ಕೊಡಬಲ್ಲ ಆಸ್ಪತ್ರೆಗೆ ಒಯ್ದು, ‘ಕಾರಿನ ಹೊಗೆ ಕುಡಿದಿರಬಹುದು’ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವರಿಗೂ ಹೊಳೆಯುವುದು ಕಷ್ಟ.

ವರ್ಷಕ್ಕೆ ಎರಡು ಬಾರಿ ಎಂದೆನಲ್ಲ, ಯಾವಾಗ ಎಂದು ಕೇಳಿದರೆ ನನ್ನ ಸಲಹೆ ಹೀಗಿದೆ. ಮೊದಲನೆಯದು ಮೇ ಕೊನೆಯಲ್ಲಿ, ಮುಂಗಾರಿಗೆ ಮುನ್ನ. ಆಮೇಲೆ ಮೂರು ನಾಲ್ಕು ತಿಂಗಳು ನಾವು ಕಿಟಕಿ ತೆರೆಯುವುದೇ ಇಲ್ಲ. ಎರಡನೆಯದು ಆಯುಧಪೂಜೆಯ ಹಿಂದಿನ ದಿನ. ಹೇಗೂ ಅಂದು ಕಾರನ್ನು ತೊಳೆದು ಒರೆಸುತ್ತೇವೆ. ಚೆಂಡುಹೂವಿನ ಹಾರ, ಕುಂಕುಮದ ಬೊಟ್ಟು ಎಲ್ಲವೂ ಕಾಣುವ ಮುಖಕ್ಕೆ ಸಲ್ಲುತ್ತವೆ. ಈ ಬಾರಿ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಬಗ್ಗಿದಾಗ ಇನ್ನೂ ಒಂದು ಗೇಣು ಬಗ್ಗಿ, ಹೊಟ್ಟೆಯಡಿಗೂ ಟಾರ್ಚು ಬಿಡಿರಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಸ್ಪ್ರೇ ಬಾಟಲಿ ಹಿಡಿಯಲು ಅವರಿಗಿಂತ ಉತ್ಸಾಹಿಗಳು ಸಿಗಲಾರರು. ಗುಳ್ಳೆ ಕಂಡರೆ ಗ್ಯಾರೇಜಿಗೆ ಹೋಗಿರಿ, ಕಾಣದಿದ್ದರೆ ನಿಶ್ಚಿಂತೆಯಿಂದ ಹಬ್ಬ ಮಾಡಿರಿ. ಎರಡರಲ್ಲಿ ಯಾವುದಾಯಿತೆಂದು ನನಗೂ ಒಂದು ಸಾಲು ಬರೆದು ತಿಳಿಸಿರಿ.